ಸುಮ್ಮನೆ ಹೊರಟ ತಮ

ಬೆಂಗಳೂರಿನ ಕಂಪನಿ ಕೆಲಸವನ್ನು ಶೆಟಗೇರಿಯ ಜಗಲಿಯಲ್ಲೇ ಕೂತು ಮಾಡುವ ತಮನ ಹೆಸರು ಹೇಳಬೇಕಿಲ್ಲ. ಅಂಕೋಲೆಯ ಕಡೆ ಕೇರಿಗೊಬ್ಬ ಇಂಥವನಿದ್ದಾನೆ. ರಾತ್ರಿ ಊಟವಾದ ಮೇಲೆ ಇವನು ಕುದುರೆ ಏರುತ್ತಾನೆ. ಕಂಪ್ಯೂಟರಿನೊಳಗಿನ ಕುದುರೆ. ಏರುವ ಮೊದಲು ಒಂದು ಮಡಿಯಿದೆ: ಸೆಟ್ಟಿಂಗಿಗೆ ಹೋಗಿ ಮೂಲೆಯ ಪುಟ್ಟ ನಕಾಶೆ, ಬಾಣ, ಪ್ರಶ್ನಾರ್ಥಕ ಚಿಹ್ನೆ ಎಲ್ಲವನ್ನೂ ಅಳಿಸುವುದು. "ದಾರಿ ತೋರಿಸಿದ್ರೆ ಅದು ಆಟ ಅಲ್ಲ, ಕೊರಿಯರ್ ಕೆಲಸ" ಎನ್ನುತ್ತಾನೆ.

ಇದಕ್ಕೊಂದು ಪುರಾಣವೂ ಉಂಟು. 2002ರ 'ಮಾರೋವಿಂಡ್' ಅವನ ಕೃತಯುಗ. ಆಗ ಆಟದೊಳಗಿನ ಜನ ಬಾಯಲ್ಲೇ ದಾರಿ ಹೇಳುತ್ತಿದ್ದರು. ಅದನ್ನು ದಿನಚರಿಯಲ್ಲಿ ಓದಿಕೊಂಡು ನೀವೇ ಹುಡುಕಬೇಕಿತ್ತು. 2006ರ 'ಒಬ್ಲಿವಿಯನ್'ನಲ್ಲಿ 'ಮಾರೋವಿಂಡ್' ಮಾಡಿದ ಕಂಪನಿಯೇ ದಿಕ್ಸೂಚಿಯ ಮೇಲೆ ಗುರುತು ಕೂರಿಸಿತು. ಅಂದೇ ಕಲಿ ಹೊಕ್ಕ. 2020ರ 'ಗೋಸ್ಟ್ ಆಫ್ ತ್ಸುಶಿಮಾ'ದಲ್ಲಿ ಬಾಣದ ಬದಲು ಗಾಳಿ ಬೀಸಿ ದಿಕ್ಕು ತೋರಿಸುತ್ತದೆ. ಗಾಳಿಯನ್ನು ಬಾಣವೆನ್ನಬೇಕೋ ಬೇಡವೋ ಎಂಬುದರ ಮೇಲೆ ಗೆಳೆಯರೊಡನೆ ಫೋನಿನಲ್ಲಿ ವಾದ ನಡೆದೇ ಇದೆ, ಆಯಿಯ ನಿದ್ದೆ ಕೆಡುವಷ್ಟು.

ಬೇಸಿಗೆಯ ಒಂದು ಭಾನುವಾರ ಈ ತತ್ತ್ವವನ್ನು ಊರಿಗೂ ಅನ್ವಯಿಸಿದ. ಫೋನು ಮನೆಯಲ್ಲೇ ಬಿಟ್ಟು, ದಾರಿ ತಪ್ಪಲೆಂದೇ ಹೊರಟ. ದಣಪೆ ದಾಟಿರಲಿಲ್ಲ, ಪಕ್ಕದ ಮನೆಯ ಅಕ್ಕ ಕೇಳಿದಳು:

"ತಮಾ, ಎಲ್ಲಿಗೆ ಹೊಂಟೆ?"

"ಸುಮ್ನೆ."

"ಸುಮ್ನೆ ಅಂದ್ರೆ ಯಾರ ಮನೆಗೆ?"

ನಮ್ಮಲ್ಲಿ ಗುರಿಯಿಲ್ಲದೆ ನಡೆಯುವವನು ಒಂದೋ ಮನೆಯಲ್ಲಿ ಜಗಳವಾಡಿದವನು, ಇಲ್ಲವೇ ಜಾಗ ನೋಡಲು ಬಂದ ದಲ್ಲಾಳಿ. ಎರಡೂ ಆಗಲೊಲ್ಲದ ತಮ "ಹೊಳೆ ಬದಿಗೆ" ಎಂದುಬಿಟ್ಟ.

"ಹಾಂಗಾರೆ ದಾರಿ ಮೇಲೇ ಆಯ್ತು. ಈ ನಾಲ್ಕು ಕರಿ ಇಶಾಡು ಮಾವಿನಹಣ್ಣು ಸಣ್ಣತ್ತೆಗೆ ಕೊಟ್ಟು ಹೋಗು."

ಸಣ್ಣತ್ತೆ ಕಷಾಯ ಕುಡಿಸದೆ ಬಿಡಲಿಲ್ಲ. ಕುಡಿದು ಏಳುವಾಗ, ಅಕ್ಕನಿಗೆ ವಾಪಸು ಕೊಡಬೇಕಾದ ಸ್ಟೀಲಿನ ಡಬ್ಬಿ ಕೈಗೆ ಬಂತು. ಗೂಡಂಗಡಿಯವನು ಅಪ್ಪನ ಬಾಕಿ ನೆನಪಿಸಿದ. ಅಂತೂ ಸಂಕದ ಬಳಿ ಯಾರೂ ಕಾಣದ್ದು ನೋಡಿ ಎಡಕ್ಕೆ ತಿರುಗಿದರೆ, ಗದ್ದೆಯ ಹಾಳಿಯ ಮೇಲಿಂದ ಅಜ್ಜನ ಕೂಗು: "ಏ, ಅತ್ಲಾಗೆ ಅಲ್ಲ ಮಾರಾಯಾ! ಹಲಸಿನ ಮರ ಇತ್ತಲ, ಅಲ್ಲಿ ಬಲಕ್ಕೆ ಹೋಗು!"

ಆ ಮರ ಕಡಿದದ್ದು ತಮ ಹುಟ್ಟುವ ಮೊದಲು. ಅಂದರೆ ಅವನ ಕೃತಯುಗ ಹಾಳಿಯ ಮೇಲೆ ಪಂಚೆ ಎತ್ತಿ ಕಟ್ಟಿ ನಿಂತಿತ್ತು. ತಮನಿಗೆ ಬಂದದ್ದು ಸಿಟ್ಟು.

ಮನೆಗೆ ಬಂದರೆ ಆಯಿಗೆ ಎಲ್ಲ ಗೊತ್ತಿತ್ತು. ಅವನು ಬಿಟ್ಟುಹೋದ ಫೋನಿಗೇ ಮೂವರು ಕರೆ ಮಾಡಿದ್ದರು.

"ಸಂಕದ ಹತ್ರ ಎಡಕ್ಕೆ ಯಾಕೆ ತಿರುಗ್ದೆ? ಅದಿರ್ಲಿ, ಅಕ್ಕನ ಡಬ್ಬಿ ಎಲ್ಲಿ?"

ಡಬ್ಬಿ ಗೂಡಂಗಡಿಯ ಬೆಂಚಿನ ಮೇಲಿತ್ತು.

"ಆಟದಲ್ಲಾದ್ರೆ ಇಂಥಾ ಕೆಲಸ ಒಲ್ಲೆ ಅನ್ಬಹುದು ಆಯೀ" ಎಂದ ತಮ, ಚಪ್ಪಲಿ ಮೆಟ್ಟುತ್ತ.

"ಬರುವಾಗ ಬಾಕಿನೂ ತೀರ್ಸಿ ಬಾ."