ತವರಿಗೆ ಬಂದ ವಿಸ್ಕಿ

1993ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜರ್ಮನಿಯ ಬಾಂಬೆರ್ಗ್‌ನಲ್ಲಿ ಬಾಯಾರಿದವನ ಪಾಡು ಕೇಳಬೇಡಿ. ಬೀಚ್ ಮರದ ಬೆಂಕಿಯಲ್ಲಿ ಮಾಲ್ಟ್ ಒಣಗಿಸುವುದರಿಂದ ಇಲ್ಲಿನ ಬಿಯರಿಗೇ ಹೊಗೆ ವಾಸನೆ. ನನ್ನ ಮುಖ ಸೊಟ್ಟಗಾದದ್ದು ಕಂಡು ಪಕ್ಕದ ಮೇಜಿನ ಅಜ್ಜ, "ಮೂರನೇ ಲೋಟಕ್ಕೆ ಹಿಡಿಸುತ್ತೆ ಬಿಡಿ" ಎಂದರು. ಮೂರನೇ ಲೋಟಕ್ಕೆ ಯಾವುದು ತಾನೇ ಹಿಡಿಸುವುದಿಲ್ಲ! ಆಮೇಲೆ ಬಂತು, ಕೊನೆಯ ಕೆಲವು ತಿಂಗಳು ಬಿಯರ್ ಪೀಪಾಯಿಯಲ್ಲಿ ಕಳೆದ ವಿಸ್ಕಿ. ವಿಸ್ಕಿ ಹುಟ್ಟುವುದೇ ಹಾಪ್ಸ್ ಹಾಕದ ಬಿಯರನ್ನು ಭಟ್ಟಿ ಇಳಿಸಿ. ಹಾಗಾಗಿ ಇದು ಮಗಳು ಬಾಣಂತನಕ್ಕೆ ತವರಿಗೆ ಬಂದಂತೆ. ಪಂಡಿತನಂತೆ ಲೋಟಕ್ಕೆ ಮೂಗು ತೂರಿಸಿ ತಲೆದೂಗಿದೆ, ತಿಳಿದದ್ದು ಸೊನ್ನೆ. ಹೊರಗೆ ಬಂದರೆ ರೆಗ್ನಿಟ್ಸ್ ನದಿಯ ನಟ್ಟನಡುವೆ ಹಳೆಯ ಪುರಭವನ! ಬಿಷಪ್ ಜಾಗ ಕೊಡಲಿಲ್ಲವೆಂದು ಊರವರು ಹೊಳೆಯಲ್ಲೇ ಕಟ್ಟಿಕೊಂಡರೆಂಬ ಐತಿಹ್ಯ ಕೇಳಿದಾಗಲೇ ಜೀವ ಬಂದದ್ದು. ಸದ್ಯ, ತೇಲುತ್ತಿದ್ದವನು ನಾನೊಬ್ಬನೇ ಅಲ್ಲ.