ಅರ್ಧ ಇಂಚಿನ ಸಂಸಾರ

ಮನೆಗೆ ಚಕ್ರ ಹಚ್ಚಬಾರದು ಎಂದು ನಮ್ಮ ಹಿರಿಯರು ಎಲ್ಲೂ ಹೇಳಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ. ಅಮೆರಿಕದವರಿಗೆ ಹಿರಿಯರ ಕಾಟ ಕಡಿಮೆ; ಹಚ್ಚಿಯೇಬಿಟ್ಟರು. ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಕಕ್ಕಸು ಎಲ್ಲವನ್ನೂ ಒಂದು ಗಾಡಿಯೊಳಗೆ ತುರುಕಿ ಆರ್‌ವಿ ಎಂದು ಕರೆದರು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರಿನ ಸುತ್ತಮುತ್ತಲೇ ಇವುಗಳಲ್ಲಿ ಬಹುಪಾಲು ತಯಾರಾಗುತ್ತವೆ. ನಮ್ಮದೂ ಅಲ್ಲೇ ಹುಟ್ಟಿ, ಒಂದೆರಡು ಕೈ ದಾಟಿ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮ ಮನೆಯ ಪಕ್ಕ ನಿಂತಿದೆ. ನಿಂತಿರುವಷ್ಟು ಹೊತ್ತು ಬಹಳ ಸಾಧು.

ಓಡಲು ಶುರುವಾದರೆ ಅದರೊಳಗೆ ದಿನವಿಡೀ ಸಣ್ಣ ಭೂಕಂಪ. ತಟ್ಟೆ ಲೋಟಗಳು ಗಲಗಲ ಎಂದು ಗಲಾಟೆಯೆಬ್ಬಿಸಿ ತಮ್ಮ ಕಷ್ಟ ಹೇಳಿಕೊಳ್ಳುತ್ತವೆ. ನೀರಿನ ಪೈಪಿನ ಜಾಯಿಂಟು ಮಾತ್ರ ಪಿಟ್ಟೆನ್ನದೆ ಸಡಿಲವಾಗುತ್ತದೆ. ಚಳಿಗಾಲದಲ್ಲಿ ಸಿಯೆರಾ ಬೆಟ್ಟಗಳ ಕಡೆ ಹೋದರಂತೂ ಪೈಪಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ಪೈಪು ತಾನೂ ತುಸು ಹಿಗ್ಗಿ ಹೇಗೋ ಸುಧಾರಿಸಿಕೊಳ್ಳುತ್ತದೆ, ತಿರುವಿನಲ್ಲಿ ಕೂರುವ ಎಲ್ಬೋ ಬಿರಿಯುತ್ತದೆ. ಬಿರಿಯುವುದಾದರೂ ಎಲ್ಲಿ? ಮಂಚದ ಕೆಳಗೆ, ಸಿಂಕಿನ ಹಿಂದೆ, ಹೀಟರಿನ ಬೆನ್ನಿಗೆ. ಕಾರ್ಖಾನೆಯಲ್ಲಿ ಗೋಡೆ ಮುಚ್ಚುವ ಮುಂಚೆ ಮಾತ್ರ ಮನುಷ್ಯನ ಕೈ ಹೋಗಿದ್ದ ಜಾಗದಲ್ಲಿ.

ಆದ್ದರಿಂದ ಆರ್‌ವಿ ಇಟ್ಟುಕೊಂಡ ಗೃಹಸ್ಥನಿಗೆ ಒಂದು ಚೀಲ ಬೇಕೇಬೇಕು. ನನ್ನದು ದಪ್ಪ ಕ್ಯಾನ್ವಾಸಿನದು. ಅದರಲ್ಲಿ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿನ ತುಂಡುಗಳಿವೆ: ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ. ಎಲ್ಬೋ, ಟೀ, ಕಪ್ಲಿಂಗ್‌ಗಳಿವೆ. ಟೆಫ್ಲಾನ್ ಟೇಪಿದೆ. ಪೈಪು ಕತ್ತರಿಸುವ ಕತ್ತರಿ, ಎರಡು ಅಡ್ಜಸ್ಟಬಲ್ ಸ್ಪ್ಯಾನರ್, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪ. ಕ್ಯಾಂಪಿನ ನಲ್ಲಿಯ ಒತ್ತಡ ಎಷ್ಟೇ ಇರಲಿ, ಗಾಡಿಯೊಳಗಿನ ಪೈಪಿಗೆ 40ರಿಂದ 60 ಪಿಎಸ್‌ಐ ಸಾಕು. ಅದಕ್ಕಾಗಿ ನಲ್ಲಿಗೂ ಹೋಸಿಗೂ ನಡುವೆ ಕೂರುವ ಹಿತ್ತಾಳೆಯ ರೆಗ್ಯುಲೇಟರ್ ಇದೆ, ಅದಕ್ಕೊಂದು ಉತ್ತರಾಧಿಕಾರಿಯೂ ಇದೆ. ಇವೆಲ್ಲಕ್ಕಿಂತ ಮುಖ್ಯವಾಗಿ ಒಂದು ಹಳೆಯ ಉಪ್ಪಿನಕಾಯಿ ಬಾಟಲಿಯ ತುಂಬ ಮುಕ್ಕಾಲು ಇಂಚಿನ ಹೋಸಿನ ರಬ್ಬರ್ ವಾಷರ್‌ಗಳು. ಅತಿ ಅಗ್ಗದ ಭಾಗ ಇದೇ, ಅತಿ ಹೆಚ್ಚು ಸೋರಿಕೆಗೆ ಕಾರಣವೂ ಇದೇ.

ಆ ಪೆಕ್ಸ್ ಪೈಪನ್ನು ಅರ್ಧ ಇಂಚಿನದು ಎನ್ನುತ್ತಾರೆ. ಹೊರಗಿನಿಂದ ಅಳೆದರೆ ಇಂಚಿನ ಎಂಟರಲ್ಲಿ ಐದು ಪಾಲು. ಒಳಗಿನಿಂದ ಅಳೆದರೆ ಅರ್ಧಕ್ಕಿಂತ ಚೂರು ಕಡಿಮೆ. ಅರ್ಧ ಇಂಚು ಇರುವುದು ಅಂಗಡಿಯ ಚೀಟಿಯಲ್ಲಿ ಮಾತ್ರ. ಅದನ್ನು ಕೂಡಿಸಲು ತಾಮ್ರದ ಉಂಗುರ ತೊಡಿಸಿ, ಮೊಳದುದ್ದ ಹಿಡಿಯ ಇಕ್ಕಳದಿಂದ ಅದುಮಬೇಕು. ಇಕ್ಕಳದ ಎರಡು ಹಿಡಿಗಳನ್ನು ಅಗಲಿಸಲು ಬೇಕಾಗುವ ಜಾಗ, ನಮ್ಮ ಸಿಂಕಿನ ಕೆಳಗೆ ಇರುವ ಜಾಗಕ್ಕಿಂತ ಸರಿಯಾಗಿ ಎರಡರಷ್ಟು. ಹಾಗಾಗಿ ಸುಮ್ಮನೆ ಒತ್ತಿದರೆ ಕಚ್ಚಿಕೊಳ್ಳುವ ಫಿಟ್ಟಿಂಗುಗಳೂ ಬೇಕು. ಅವುಗಳ ಒಳಗೆ ಉಕ್ಕಿನ ಸಣ್ಣ ಹಲ್ಲುಗಳಿರುತ್ತವೆ, ನೀರು ತಡೆಯಲು ಒಂದು ರಬ್ಬರ್ ಬಳೆ ಇರುತ್ತದೆ. ಬೆಲೆ ಕೇಳಿದರೆ ಅದೇ ಹಲ್ಲು ನಮ್ಮನ್ನೂ ಕಚ್ಚುತ್ತದೆ.

ಸೋರಿಕೆಯನ್ನು ಕಂಡುಹಿಡಿಯುವುದು ಕಣ್ಣಿನ ಕೆಲಸವಲ್ಲ, ಕಿವಿಯದು. ಊರ ಹೊರಗೆ ನಲ್ಲಿಯಿಲ್ಲದ ಕಡೆ ತಂಗಿದಾಗ, ಟ್ಯಾಂಕಿನ ನೀರನ್ನು 12 ವೋಲ್ಟಿನ ಪುಟ್ಟ ಪಂಪು ಎತ್ತುತ್ತದೆ. ನಲ್ಲಿ ತಿರುಗಿಸಿದರೆ ಎದ್ದೇಳುತ್ತದೆ, ಪೈಪಿನಲ್ಲಿ ಒತ್ತಡ ತುಂಬಿದರೆ ಮಲಗುತ್ತದೆ. ಎಲ್ಲ ನಲ್ಲಿ ಮುಚ್ಚಿರುವಾಗ ನಡುರಾತ್ರಿಯಲ್ಲಿ ಅದು ಒಂದೇ ಒಂದು ಸಲ ‘ಗುರ್ರ್’ ಎಂದರೆ, ಎಲ್ಲೋ ಒತ್ತಡ ಇಳಿದಿದೆ ಎಂದರ್ಥ. ಬಹುಮಟ್ಟಿಗೆ ಎಲ್ಲೋ ತೊಟ್ಟಿಕ್ಕುತ್ತಿದೆ.

“ರೀ, ಪಂಪು ಗುರ್ ಅಂತು.”

“ನಿನ್ನ ಕನಸು. ಮಲಕ್ಕೋ.”

ಹೇಳಿದವನಿಗೆ ನಿದ್ದೆ ಹತ್ತುವುದಿಲ್ಲ, ಕೇಳಿದವಳು ಹಾಯಾಗಿ ಗೊರಕೆ ಹೊಡೆಯುತ್ತಾಳೆ. ಆಮೇಲೆ ಬರುವ ಪ್ರತಿ ಗುರ್ರ್ ಪಂಪಿನದೋ ಅವಳದೋ ಎಂದು ತೀರ್ಮಾನಿಸುವುದರಲ್ಲೇ ಬೆಳಗಾಗುತ್ತದೆ.

ಹೆಂಡತಿಗೂ ಚೀಲಕ್ಕೂ ಇರುವ ಜಗಳದ ಮೂಲ ಒಂದು ಚೀಟಿ. ಈ ಗಾಡಿಗಳ ಬಾಗಿಲ ಹತ್ತಿರ, ಜನರೂ ಸಾಮಾನೂ ಸೇರಿ ಇಷ್ಟು ತೂಕ ಮೀರಬಾರದು ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ನೀರೇ ಭಾರ: ಒಂದು ಗ್ಯಾಲನ್ ಎಂದರೆ ಎಂಟು ಪೌಂಡಿಗಿಂತ ಹೆಚ್ಚು; 40 ಗ್ಯಾಲನ್ನಿನ ಟ್ಯಾಂಕು ತುಂಬಿದರೆ ಒಂದೂವರೆ ಕ್ವಿಂಟಲ್. ಉಳಿದ ತೂಕಕ್ಕೆ ಇಬ್ಬರು ಹಕ್ಕುದಾರರು. ಅವಳ ಕಡೆ ಕುಕ್ಕರ್, ಇಡ್ಲಿ ಪಾತ್ರೆ, ತುರಿಮಣೆ, ಸೋನಾ ಮಸೂರಿ. ನನ್ನ ಕಡೆ ಚೀಲ. “ಒಗ್ಗರಣೆ ಸೌಟಿಗೆ ಜಾಗ ಇಲ್ವಂತೆ, ಆ ಇಕ್ಕಳಕ್ಕೆ ಇದೆಯಂತೆ” ಎಂದು ಅವಳು ಗಾಡಿಯ ಚಾವಣಿಗೆ ಹೇಳುತ್ತಾಳೆ.

ನಾನು ಸಾಕ್ಷಿಗೆ ದೊಡ್ಡವರನ್ನೇ ಕರೆದೆ. ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕಿನ ಬೆನ್ನಿಗೆ ಮನೆ ಕಟ್ಟಿಸಿಕೊಂಡು, ಅದಕ್ಕೆ ಡಾನ್ ಕಿಹೋಟೆಯ ಕುದುರೆಯ ಹೆಸರಿಟ್ಟು, ಚಾರ್ಲಿ ಎಂಬ ನಾಯಿಯೊಡನೆ ಅಮೆರಿಕ ಸುತ್ತಲು ಹೊರಟ. ಉಪಕರಣ, ಪುಸ್ತಕ, ಸಾಮಾನು ಎಲ್ಲವನ್ನೂ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ತುಂಬಿಕೊಂಡಿದ್ದನ್ನು ಅವನೇ ಬರೆದುಕೊಂಡಿದ್ದಾನೆ. ಮುಂದೆ ಅವನಿಗೆ ನೊಬೆಲ್ ಬಂತು. ಆ ಗಾಡಿ ಸಲೀನಾಸ್‌ನ ಅವನ ಹೆಸರಿನ ಕೇಂದ್ರದಲ್ಲಿ ಈಗಲೂ ಇದೆ. ಹೆಂಡತಿಯನ್ನು ಕರೆದೊಯ್ದು ತೋರಿಸಿದೆ. ಒಳಗೆ ಇಣುಕಿ ನೋಡಿದ ಅವಳು, “ನಾಯಿ ಜೊತೆ ಹೋಗಿದ್ದ ಅಲ್ವಾ? ಪಾಪ, ಇದೆಲ್ಲ ಯಾಕೆ ಅಂತ ಅದು ಹೇಗೆ ಕೇಳೀತು” ಎಂದಳು.

ತಿಪಟೂರಿನಿಂದ ಅಪ್ಪ ಬಂದಾಗ ನನ್ನ ಪಕ್ಷಕ್ಕೆ ಬಲ ಬಂತು. ಆರ್‌ವಿ ನೀರಿನ ತಾಪತ್ರಯವನ್ನು ಫೋನಿನಲ್ಲಿ ಕೇಳಿದ್ದ ಅವರು ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಎಂ-ಸೀಲ್, ಒಂದು ಹಿತ್ತಾಳೆ ನಲ್ಲಿ, ಸುರುಳಿ ಸುತ್ತಿದ ಸೈಕಲ್ ಟ್ಯೂಬು ತಂದಿದ್ದರು. ನಲ್ಲಿ ಕೆಲಸಕ್ಕೆ ಬರಲಿಲ್ಲ. ನಮ್ಮ ಊರಿನ ಅರ್ಧ ಇಂಚಿಗೂ ಇಲ್ಲಿಯ ಅರ್ಧ ಇಂಚಿಗೂ ಇಂಚಿಗೆ 14 ಥ್ರೆಡ್ಡು ಇರುವುದೇನೋ ನಿಜ. ಆದರೆ ಬ್ರಿಟಿಷರ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕದವರದು 60. ಮೊದಲ ಕೆಲವು ಸುತ್ತು ಸಲೀಸಾಗಿ ತಿರುಗುತ್ತದೆ, ಆಮೇಲೆ ಬಿಗಿಯುತ್ತದೆ, ಕೊನೆಗೆ ಸೋರುತ್ತದೆ. “ಜಾತಕ ಎಲ್ಲಾ ಕೂಡಿದೆ ಕಣೋ, ಗೋತ್ರದಲ್ಲೇ ಏನೋ ಇದೆ” ಎಂದು ಅಪ್ಪ ನಲ್ಲಿಯನ್ನು ಮತ್ತೆ ಸೂಟ್‌ಕೇಸಿಗೆ ಹಾಕಿದರು.

ಟ್ಯೂಬಿನ ಭಾಗ್ಯ ಬೇರೆ. ನೆವಾಡಾದಲ್ಲಿ ಯುಎಸ್ 50 ಎಂಬ ಹೆದ್ದಾರಿಯಿದೆ. ‘ಲೈಫ್’ ಪತ್ರಿಕೆ 1986ರಲ್ಲಿ ಅದನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದಿತ್ತು. ಫ್ಯಾಲನ್ ಬಿಟ್ಟರೆ ಆಸ್ಟಿನ್ ಎಂಬ ಪುಟ್ಟ ಊರಿಗೆ ನೂರಕ್ಕೂ ಹೆಚ್ಚು ಮೈಲಿ. ಆ ದಾರಿಯಲ್ಲಿ ಒಂದು ಸಂಜೆ, ಪಕ್ಕದಲ್ಲಿ ತಂಗಿದ್ದ ನಿವೃತ್ತ ದಂಪತಿಯ ಹೋಸು ಸೀಳಿ ಕಾರಂಜಿಯಾಯಿತು. ನನ್ನ ಚೀಲದಲ್ಲಿ ಎಲ್ಲ ಇತ್ತು, ಹೋಸಿನ ನಡುವೆ ಹಾಕುವ ಜಾಯಿಂಟು ಇರಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ ಕೂತು, ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಒಂದರ ಮೇಲೊಂದು ಸುತ್ತಿ ಗಂಟು ಹಾಕಿದರು. ಸೋರಿಕೆ ನಿಂತಿತು. ಹೀಗೇ ಎಳೆದು ಸುತ್ತುವ, ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪನ್ನು ಇಲ್ಲಿ ಒಳ್ಳೆ ಬೆಲೆಗೆ ಮಾರುತ್ತಾರೆ. ಬೆರಗಾದ ಮುದುಕರು ಇದು ಯಾವ ಬ್ರ್ಯಾಂಡಿನದು ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ “ಅಟ್ಲಾಸ್” ಎಂದರು. ಅವರು ಫೋನಿನಲ್ಲಿ ಬರೆದಿಟ್ಟುಕೊಂಡರು.

ಇಷ್ಟು ವರ್ಷದ ಅನುಭವದಿಂದ ನನಗೊಂದು ಸಿದ್ಧಾಂತ ಹೊಳೆದಿದೆ: ಚೀಲದಲ್ಲಿರುವ ಭಾಗ ಗಾಡಿಯಲ್ಲಿ ಕೆಡುವುದಿಲ್ಲ. ಹೊಸ ಪಂಪು ಕೊಂಡು ಮಂಚದಡಿ ಇಟ್ಟ ದಿನದಿಂದ ಹಳೆಯ ಪಂಪು, ಮಗ್ಗುಲಲ್ಲಿ ಹೊಸ ಗುಮಾಸ್ತ ಬಂದು ಕೂತಿದ್ದಾನೆಂದು ತಿಳಿದವರ ಥರ, ತಪ್ಪದೆ ಕೆಲಸ ಮಾಡುತ್ತಿದೆ. ಹಾಗಾದರೆ ಚೀಲ ಯಾರಿಗೆ? ಪಕ್ಕದವರಿಗೆ. ಕ್ಯಾಂಪಿನಲ್ಲಿ ಸಂಜೆಯಾಗುತ್ತಲೇ ಯಾರೋ ಒಬ್ಬರು ಒದ್ದೆ ತೋಳಿನೊಡನೆ ಬಾಗಿಲು ತಟ್ಟಿ, ಸಂಕೋಚದಿಂದ ಅರ್ಧ ಇಂಚಿನ ಎಲ್ಬೋ ಕೇಳುತ್ತಾರೆ. ನಮಗೆ ಬೇಕಾದ ಟೀ ಅವರಲ್ಲಿರುತ್ತದೆ. ಅವರ ಎಲ್ಬೋ ನನ್ನಲ್ಲಿ, ನನ್ನ ಟೀ ಅವರಲ್ಲಿ. ವಿಧಿ ಸಾಮಾನುಗಳನ್ನು ಹೀಗೆ ಹಂಚದಿದ್ದರೆ ಪಕ್ಕದ ಗಾಡಿಯವರ ಮುಖವನ್ನು ನಾವು ಯಾಕಾದರೂ ನೋಡುತ್ತಿದ್ದೆವು?

ಹೆಂಡತಿ ಇದನ್ನೆಲ್ಲ ಒಪ್ಪಿರಲಿಲ್ಲ. ಅವಳನ್ನು ಒಪ್ಪಿಸಿದವನು ಒಬ್ಬ ಪ್ಲಂಬರ್. ಚಕ್ರವಿಲ್ಲದ ನಮ್ಮ ಮನೆಯ ಅಡುಗೆಮನೆಯಲ್ಲಿ ತಾಮ್ರದ ಪೈಪು ಸೋರಿತು. ನನ್ನನ್ನು ನಂಬದೆ ಅವಳು ಅವನಿಗೆ ಫೋನು ಮಾಡಿದಳು. ಬಂದವನು ಸಿಂಕಿನ ಕೆಳಗೆ ತಲೆ ಹಾಕಿ, ಫಿಟ್ಟಿಂಗು ಬೇಕು, ಅಂಗಡಿಗೆ ಹೋಗಿ ಬರಬೇಕು, ಆ ಹೊತ್ತಿಗೂ ಚಾರ್ಜು ಆಗುತ್ತದೆ ಎಂದ. ಒತ್ತಿದರೆ ಕಚ್ಚುವ ಫಿಟ್ಟಿಂಗು ಪೆಕ್ಸಿಗೆ ಹೇಗೋ ತಾಮ್ರಕ್ಕೂ ಹಾಗೇ. ಚೀಲದಿಂದ ಒಂದು ತೆಗೆದುಕೊಟ್ಟೆ. ಐದು ನಿಮಿಷದಲ್ಲಿ ಕೆಲಸ ಮುಗಿಸಿ, ಬಿಲ್ಲಿನಲ್ಲಿ ಆ ಫಿಟ್ಟಿಂಗಿನ ಬೆಲೆಯನ್ನೂ ಸೇರಿಸಿದ, ಅದೂ ನಾನು ಕೊಟ್ಟದ್ದರ ಎರಡರಷ್ಟು.

ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಆ ಸಾಲನ್ನು ಹೊಡೆದುಹಾಕಿಸಿದ ಮೇಲೆಯೇ ಅವನನ್ನು ಬಿಟ್ಟಳು. ಎರಡರಷ್ಟಕ್ಕೆ ಮಾರಬಹುದಾದ ವಸ್ತು ಎಂದು ತಿಳಿದ ಮೇಲೆ ಚೀಲದ ಮರ್ಯಾದೆ ಏರಿದೆ. ಈಗ ನಮ್ಮ ಪ್ರವಾಸಗಳಲ್ಲಿ ಇಡ್ಲಿ ತಟ್ಟೆಯ ಕುಳಿಗಳಲ್ಲಿ ವಾಷರ್‌ಗಳನ್ನು ಸೈಜಿನ ಪ್ರಕಾರ ಜೋಡಿಸಿಡಲು ನನಗೆ ಅಪ್ಪಣೆಯಿದೆ. ಹಿಟ್ಟು ಹಾಕುವ ಮುಂಚೆ ತೆಗೆಯಬೇಕು ಎಂಬುದೊಂದೇ ಷರತ್ತು.