ಬಯಲುಸೀಮೆಯ ಬೂಷ್ಟು

ಮಲೆನಾಡಿನವರಿಗೆ ಬೂಷ್ಟಿನ ವಿಷಯದಲ್ಲಿ ಸ್ವಲ್ಪ ಜಂಬ. ಕೊಟ್ಟೂರಿನ ನಮ್ಮ ಮನೆಗೆ ಬಂದ ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಪಡಸಾಲೆ ಗೋಡೆಯ ಕಪ್ಪು ಚುಕ್ಕೆಗಳನ್ನು ನೋಡಿ, ‘ಇದಕ್ಕೂ ಬೂಷ್ಟು ಅಂತಾರೇನ್ರೀ? ನಮ್ಮಲ್ಲಿ ಆಷಾಢಕ್ಕೆ ಚಪ್ಪಲಿಗೇ ಗಡ್ಡ ಬರುತ್ತೆ’ ಎಂದು ನಕ್ಕರು. ಅವರ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ಆ ವರ್ಷ ಹಬ್ಬ. ಮಳೆ ಬೆಳೆ ಹೇಗೋ ಎಂದು ಮೈಲಾರದ ಕಾರಣಿಕಕ್ಕೆ ಕಿವಿಗೊಟ್ಟು ನಿಲ್ಲುವ ಜನ ನಾವು. ನಮ್ಮ ಗೋಡೆಗೂ ಹಸಿ ಹಿಡಿಯುತ್ತದೆ ಎಂದರೆ ಯಾರು ನಂಬಬೇಕು?

ಹಿಂದಿನವರು ಮಾಳಿಗೆ ಮನೆಯಲ್ಲಿದ್ದರು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಮುಂಗಾರು ಹಿಡಿಯುವ ಮೊದಲೇ ಬಂಡಿಯಲ್ಲಿ ಸವಳು ಮಣ್ಣು ತಂದು ಮಾಳಿಗೆಗೆ ಹರವುತ್ತಿದ್ದರು. ಹೊಲದಲ್ಲಿ ಬೈಸಿಕೊಳ್ಳುವ ಮಣ್ಣಿಗೆ ಮಾಳಿಗೆಯ ಮೇಲೆ ಮರ್ಯಾದೆ. ಅದರಲ್ಲಿರುವ ಸೋಡಿಯಂ ಉಪ್ಪಿನಿಂದ ನೆನೆದ ಜೇಡಿ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿ, ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಆದರೂ ಸೋರುತ್ತಿತ್ತು ಎನ್ನಿ. ಶಿಶುನಾಳ ಶರೀಫರು ಸೋರುವ ಮಾಳಿಗೆಯಲ್ಲಿ ತತ್ವ ಕಂಡರು. ನಮ್ಮಜ್ಜಿ ತತ್ವದ ಗೊಡವೆಗೆ ಹೋಗದೆ ಚರಿಗೆ, ಬೋಗುಣಿ ಇಡುತ್ತಿದ್ದಳು. ಮಳೆ ನಿಂತ ಮೇಲೆ ಬೆಳಕಿಂಡಿಯ ಗಾಳಿ, ಒಲೆಯ ಬಿಸಿ, ಗೋಡೆಯ ಸುಣ್ಣ ಮೂರೂ ಸೇರಿ ಮನೆಯನ್ನು ಒಣಗಿಸುತ್ತಿದ್ದವು.

ನಾವು ಆರ್‌ಸಿಸಿ ಹಾಕಿಸಿದೆವು. ಬೆಳಕಿಂಡಿ ಹೋಯಿತು. ಧೂಳು ಬರುತ್ತದೆಂದು ಹಗಲು, ಸೊಳ್ಳೆ ಬರುತ್ತವೆಂದು ರಾತ್ರಿ ಕಿಟಕಿ ಮುಚ್ಚಿದೆವು. ಒಳಗೆ ಕುಕ್ಕರಿನ ಹಬೆ, ಬಚ್ಚಲಿನ ಹಬೆ, ಹಸ್ತ ಚಿತ್ತಿ ಮಳೆಯ ಜಡಿಯಲ್ಲಿ ಫ್ಯಾನಿನಡಿ ಹರವಿದ ಪಂಚೆ, ಟವೆಲ್ಲು. ಇಷ್ಟೂ ನೀರು ತಣ್ಣನೆಯ ಗೋಡೆ ಹುಡುಕಿಕೊಂಡು ಹೋಗಿ ಬೀರುವಿನ ಹಿಂದೆ ಕೂರುತ್ತದೆ. ಹರಪನಹಳ್ಳಿಯ ನಮ್ಮ ಮಾವನವರು ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವನ್ನು ಮೊನ್ನೆ ಸರಿಸಿದಾಗ ಹಿಂದೆ ಬಿದ್ದಿದ್ದ ಹಳೆಯ ರೇಷನ್ ಕಾರ್ಡು ಸಿಕ್ಕಿತು. ಬೂಷ್ಟು ಒರೆಸಿದರೆ ‘ದಾವಣಗೆರೆ ಜಿಲ್ಲೆ’ ಎಂದಿತ್ತು. ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಬೀರು ಮಾತ್ರ ಇದ್ದಲ್ಲೇ ಇತ್ತು. ಈಗ ನಾಲ್ಕು ಬೆರಳು ಮುಂದಕ್ಕೆ ಬಂದಿದೆ, ಹಿಂದೆ ಗಾಳಿ ಆಡುತ್ತದೆ. ಖರ್ಚು ಇಬ್ಬರು ಹುಡುಗರಿಗೆ ಚಹ, ಮಂಡಕ್ಕಿ, ಮಿರ್ಚಿ.

ಗಾಳಿಯ ಬೆಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಉಳ್ಳಾಗಡ್ಡಿ ರಾಶಿಯನ್ನು ಯಾವ ರೈತನೂ ಬರಿ ನೆಲಕ್ಕೆ ಸುರಿದು ಬಾಗಿಲು ಹಾಕಿಕೊಳ್ಳುವುದಿಲ್ಲ. ಅಟ್ಟಣಿಗೆ ಕಟ್ಟಿ ನಾಲ್ಕೂ ಕಡೆ ಗಾಳಿಗೆ ಬಿಡುತ್ತಾನೆ. ಕೂಡ್ಲಿಗಿ ಕಡೆ ಶೇಂಗಾ ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಎಂಬ ವಿಷವಾಗುತ್ತದೆಂದು ಅಂಗಳದಲ್ಲಿ ತಿರುವಿ ತಿರುವಿ ಒಣಗಿಸುತ್ತಾರೆ. ಹಗೇವಿಗೆ ಜೋಳ ತುಂಬುತ್ತಿದ್ದವರು ಸುತ್ತಲೂ ಹುಲ್ಲು ಒತ್ತದೆ ಕಾಳು ಸುರಿಯುತ್ತಿರಲಿಲ್ಲ. ಉಳ್ಳಾಗಡ್ಡಿಗೆ ಇರುವ ಸೌಕರ್ಯ ಮನೆಯ ಯಜಮಾನನಿಗೆ ಇಲ್ಲ, ಅಷ್ಟೆ.

ನಮ್ಮ ಪಡಸಾಲೆಯ ಕಥೆ ಮಾತ್ರ ಬೇರೆ. ಬಣ್ಣದಂಗಡಿಯಲ್ಲಿ ದುಬಾರಿ ಡಬ್ಬಿಯೊಂದನ್ನು ತೋರಿಸಿ, ಬಳಿದರೆ ಮುಗಿಯಿತು ಎಂದರು. ಗೌಂಡಿ ಗೋಡೆಗೆ ಅಂಗೈ ಇಟ್ಟು ನೋಡಿ, ‘ಗ್ವಾಡಿ ನೀರು ಕುಡಿಯಾಕತ್ತೈತ್ರಿ. ಯಾರು ಕುಡಸಾಕತ್ತಾರ, ಮೊದ್ಲ ಅದನ್ನ ಹುಡುಕ್ರಿ’ ಎಂದ. ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಲು ಹೇಳಿದ. ಹಾಳೆಯ ಹೊರಮೈ ಬೆವತರೆ ತಪ್ಪು ಕೋಣೆಯ ಹಬೆಯದು, ಒಳಮೈ ಬೆವತರೆ ಗೋಡೆಯದು. ನಮ್ಮದು ಒಳಗೇ ಬೆವತಿತ್ತು. ಹಸಿ ಏರದಂತೆ ತಡೆಯುವ ಪದರ (ಡಿಪಿಸಿ) ಹಾಕದೆ ಕಟ್ಟಿದ ಹಳೆಯ ಗೋಡೆ ಬುಡದ ನೀರನ್ನು ಎರಡು ಮೂರಡಿ ಎತ್ತರಕ್ಕೆ ಎಳೆದುಕೊಳ್ಳುತ್ತದೆ. ಉಗುರಿನಿಂದ ಕೆರೆದರೆ ಗಿಲಾವು ಪುಡಿಯಾಗಿ, ಬಿಳಿ ಉಪ್ಪು ಬೆರಳಿಗೆ ಹತ್ತುತ್ತಿತ್ತು.

ಎಣ್ಣೆ ಬಣ್ಣ ಹಚ್ಚೋಣವೆಂದೆ. ಉಜ್ಜಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ವರ್ಷವರ್ಷ ತೈಲ ಎರೆಯುವುದನ್ನು ನೋಡಿದವನು ನಾನು. ಭಕ್ತಿಯ ಮಾತು ಬೇರೆ. ಎಣ್ಣೆ ಕುಡಿದ ಕಲ್ಲಿನ ಮೇಲೆ ಮಳೆ ಜಾರುತ್ತದೆಂಬುದು ನನ್ನ ತರ್ಕ. ಗೌಂಡಿ ಒಪ್ಪಲಿಲ್ಲ. ಶಿಖರಕ್ಕೆ ನೀರು ಮೇಲಿಂದ, ನಿಮ್ಮ ಗೋಡೆಗೆ ಕೆಳಗಿಂದ. ಎಣ್ಣೆ ಬಣ್ಣ ಬಳಿದರೆ ಒಳಗಿನ ಹಸಿ ಹೊರಬರಲು ದಾರಿಯಿಲ್ಲದೆ ಬಣ್ಣವೇ ಗುಳ್ಳೆ ಏಳುತ್ತದೆ ಎಂದ. ಕಪ್ಪು ಚುಕ್ಕೆಗಳನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ (ಒಣ ಬ್ರಷ್ಷಿನಿಂದ ಕೆರೆದರೆ ಬೀಜವೆಲ್ಲ ಮನೆ ತುಂಬ ಹಾರುತ್ತದೆ), ಒಣಗಿಸಿ, ಸುಣ್ಣ ಬಳಿಯುವುದು ಅವನ ಮದ್ದು. ಸುಣ್ಣದ ಕ್ಷಾರಕ್ಕೆ ಬೂಷ್ಟು ಬದುಕುವುದಿಲ್ಲ, ಗೋಡೆಯ ಹಸಿಯೂ ಅದರ ಮೂಲಕ ಆರುತ್ತದೆ. ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಂಡರೆ ಸಾಕು.

ಉಳಿದದ್ದು ನೀರು ಕುಡಿಸುವವರ ಪತ್ತೆ. ಗೋಡೆಯ ಆಚೆ ಬದಿ, ಬುಡಕ್ಕೇ ಒತ್ತಿಕೊಂಡು, ನನ್ನಾಕೆ ಹಡಗಲಿಯಿಂದ ತರಿಸಿದ ಮಲ್ಲಿಗೆ ಗಿಡ! ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ.

‘ಗಿಡ ಮೂರಡಿ ಆಚೆ ಇಟ್ಟರೆ ಆಗುತ್ತೆ’ ಎಂದೆ, ಮೆಲ್ಲಗೆ.

‘ಮೊಗ್ಗು ಹಿಡಿದ ಗಿಡ ಕೀಳ್ತಾರೇನ್ರೀ? ಬೇಕಾದ್ರ ಗ್ವಾಡಿ ಸರಿಸ್ರಿ’ ಎಂದಳು.

ಗೌಂಡಿ ಗೋಡೆ ಸರಿಸಲು ಎಷ್ಟಾಗುತ್ತದೆಂದು ಲೆಕ್ಕ ಹಾಕತೊಡಗಿದ.